ಡಾಕ್ಟರರು ಅಕ್ಕನ ಕಂಪ್ಯೂಟರ್ ನೋಡಿದ್ದು

ನೀರು ಸರಬರಾಜು ಕಚೇರಿಯಲ್ಲಿ ಹೊರಗೆ ಹೋಗುವ ಪತ್ರಗಳಿಗೆ ಮೊಹರು ಒತ್ತುವುದು ಅವರ ಕೆಲಸ. ಹದಿನೆಂಟು ವರ್ಷ ಒತ್ತಿದ್ದಾರೆ, ಅದರಲ್ಲಿ ಅರ್ಧ ತಲೆಕೆಳಗು. ಆದರೂ ಕಚೇರಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಡಾಕ್ಟ್ರೇ’ ಎಂದು. ಯಾವ ಕಾಲದಲ್ಲೋ ಮೂರು ತಿಂಗಳ ಕಂಪ್ಯೂಟರ್ ಕೋರ್ಸಿಗೆ ಸೇರಿ ಎರಡು ತಿಂಗಳು ಹೋಗಿದ್ದರು. ಉಳಿದವರು ಅಷ್ಟೂ ಹೋಗಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಡಾಕ್ಟರರ ಚಿಕಿತ್ಸೆ ಒಂದೇ. ಯಾವ ಕಂಪ್ಯೂಟರ್ ಸ್ವಲ್ಪ ಕೆಮ್ಮಿದರೂ ಇರುವುದನ್ನೆಲ್ಲ ಅಳಿಸಿ, ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕುವುದು. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ. ಏನಾಯಿತು, ಯಾವಾಗ ಆಯಿತು ಎಂದು ಕೇಳಿದರೆ ತಮ್ಮ ತೂಕ ಇಳಿಯುತ್ತದೆ ಎಂದು ಅವರ ನಂಬಿಕೆ.

ಆ ತೂಕವನ್ನು ಮನಸಾರೆ ನಂಬಿದವರು ಲೋಕದಲ್ಲಿ ಒಬ್ಬರೇ, ಅವರ ಅಕ್ಕ. ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಆ ಮಕ್ಕಳು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಅಮ್ಮನೂ ತಾವೂ ಸೇರಿ ಮನೆಯಲ್ಲಿ ಕಟ್ಟಿಕೊಂಡ ಸನ್ನೆಗಳನ್ನು ತರುತ್ತಾರೆ. ಒಬ್ಬಳಿಗೆ ಅಜ್ಜಿ ಎಂದರೆ ಮೊಣಕಾಲು ಉಜ್ಜುವುದು. ಇನ್ನೊಬ್ಬನಿಗೆ ಭಾನುವಾರ ಎಂದರೆ ಅಪ್ಪ ಗಡ್ಡ ಹೆರೆಯುವುದು. ಶಾಲೆ ತನ್ನ ಸನ್ನೆಗಳನ್ನು ಕಲಿಸಿದ ಮೇಲೆ ಇವು ವರ್ಷದೊಳಗೆ ಮರೆತುಹೋಗುತ್ತವೆ. ಅಕ್ಕ ಇಪ್ಪತ್ತೆರಡು ವರ್ಷ ಅವನ್ನು ಚೀಟಿಗಳಲ್ಲಿ ಬರೆದಿಟ್ಟಳು, ಚಿತ್ರ ಸಮೇತ. ನಾನೂರ ಹನ್ನೆರಡು ಸನ್ನೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸಿ ಒಂದೇ ಫೈಲು ಮಾಡಿದಳು. “ಒಳಗೆ ಹಾಕಿದ್ಮೇಲೆ ಈ ಕಸ ಯಾಕಕ್ಕ?” ಎಂದು ಚೀಟಿಗಳನ್ನು ರದ್ದಿಗೆ ಹಾಕಿಸಿದವರು ಡಾಕ್ಟರರೇ. ಸೋಮವಾರ ಆ ಫೈಲು ಅಚ್ಚಿಗೆ ಹೋಗಬೇಕಿತ್ತು.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಕಪ್ಪು ಪರದೆ ತೋರಿಸಿ ನಿಂತಿತು. ಆಪರೇಟಿಂಗ್ ಸಿಸ್ಟಂ ಸಿಗುತ್ತಿಲ್ಲ ಎಂದು ಒಂದೇ ಸಾಲು. ಡಾಕ್ಟರರು ಬಂದು, ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಆ ಸಾಲು ಓದಿದರು.

“ಸಿಸ್ಟಂ ಸತ್ತಿದೆ. ಫಾರ್ಮ್ಯಾಟ್ ಹೊಡೀಬೇಕು.”

“ಅಲ್ವೋ, ಹೋದ ಭಾನುವಾರ ನೀನು ಬಂದು ಹೋದಾಗಿನಿಂದ ನಾನು ಆಫ್ ಮಾಡೇ ಇರ್ಲಿಲ್ಲ. ನಿನ್ನೆ ರಾತ್ರಿ ಆಫ್ ಮಾಡ್ದೆ, ಇವತ್ತು...”

“ಅಕ್ಕಾ, ಕೆಲಸದ ಮಧ್ಯೆ ಬಾಯಿ ಹಾಕ್ಬೇಡ. ನಿನ್ನ ಫೈಲ್ ಕಾಪಿ ನನ್ನ ಪೆನ್ ಡ್ರೈವಲ್ಲಿ ಇದೆ ತಾನೇ? ಹೋಗಿ ಟೀ ಮಾಡು.”

ಅಕ್ಕ ಟೀ ಮಾಡಲು ಹೋದಳು. ಡಾಕ್ಟರರು ಸಿ.ಡಿ. ಹಾಕಿದರು. ಎಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಯಂತ್ರ ಎರಡು ಸಲ ವಿನಯದಿಂದ ಕೇಳಿತು. ಅವರು ಎರಡು ಸಲವೂ ಓದದೆ ಸರಿ ಎಂದರು. ಓದುವುದು ಕಲಿಯುವವರ ಕೆಲಸ.

ಮುಕ್ಕಾಲು ಗಂಟೆಯ ಮೇಲೆ ಯಂತ್ರ ತಾನೇ ಆಫ್ ಆಗಿ ಆನ್ ಆಯಿತು. ಮತ್ತದೇ ಕಪ್ಪು ಪರದೆ, ಅದೇ ಸಾಲು.

“ದರಿದ್ರ ಮೆಷಿನ್ನು,” ಎಂದರು ಡಾಕ್ಟರರು. ಕುಣಿಯಲಾರದವಳಿಗೆ ನೆಲ ಡೊಂಕು.

ಟೀ ಲೋಟ ಇಡುತ್ತಾ ಅಕ್ಕ ಹೇಳಿದಳು: “ಹಿಂದುಗಡೆ ಏನೋ ಸಿಕ್ಕಿಸಿದೆ ನೋಡೋ. ಆಗಲೇ ಹೇಳೋಣ ಅಂತಿದ್ದೆ. ನೀನೇ ಬಿಟ್ಟು ಹೋಗಿದ್ದು.”

ಅವರು ಬಗ್ಗಿದರು. ಅವರದೇ ಪೆನ್ ಡ್ರೈವ್. ಕಿತ್ತರು. ಕಂಪ್ಯೂಟರ್ ಮರುಕ್ಷಣವೇ ಎದ್ದು ಕೂತಿತು. ಆ ಬಡಪಾಯಿ ಯಂತ್ರ ಬೆಳಿಗ್ಗೆಯಿಂದ ಪೆನ್ ಡ್ರೈವಿನೊಳಗೆ ಆಪರೇಟಿಂಗ್ ಸಿಸ್ಟಂ ಹುಡುಕುತ್ತಿತ್ತು, ಅಷ್ಟೆ. ಅದಕ್ಕೆ ಯಾವ ರೋಗವೂ ಇರಲಿಲ್ಲ. ಅಕ್ಕನಿಗೆ ಇದು ಅರ್ಥವಾಗುವುದಿಲ್ಲ ಎಂಬ ಸಮಾಧಾನ ಡಾಕ್ಟರರಿಗಿತ್ತು.

“ನೋಡ್ದ್ಯಾ? ಎದ್ದು ಕೂತ್ಕೊಳ್ತು. ತಗೋ, ನಿನ್ನ ಫೈಲು.”

ಪೆನ್ ಡ್ರೈವನ್ನು ಮುಂದುಗಡೆ ಸಿಕ್ಕಿಸಿ ತೆರೆದರು. ಫೈಲಿನ ಹೆಸರು ಇತ್ತು, ಅದರ ಗುರುತಿನ ಚಿತ್ರವೂ ಇತ್ತು, ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತೂ ಇತ್ತು. ಒತ್ತಿದರು. ಫೈಲು ಇದ್ದ ಜಾಗದಲ್ಲಿ ಇಲ್ಲ ಎಂದಿತು ಯಂತ್ರ. ಇನ್ನೊಮ್ಮೆ ಒತ್ತಿದರು. ಇಲ್ಲ.

ಆ ಬಾಣದ ಅರ್ಥವನ್ನು ಕೋರ್ಸಿನ ಮೂರನೇ ತಿಂಗಳಲ್ಲಿ ಹೇಳಿಕೊಟ್ಟಿದ್ದರೋ ಏನೋ. ಅದು ಫೈಲಲ್ಲ, ಫೈಲಿನ ಮನೆಗೆ ದಾರಿ ತೋರಿಸುವ ಬೋರ್ಡು. ಹೋದ ಭಾನುವಾರ ಡಾಕ್ಟರರು ಬೋರ್ಡನ್ನು ಪೆನ್ ಡ್ರೈವಿಗೆ ತುಂಬಿ ಮನೆಯನ್ನೇ ತುಂಬಿದೆ ಎಂದುಕೊಂಡಿದ್ದರು. ಈವತ್ತು ಮನೆ ಕೆಡವಿದ್ದರು.

ಈಗಲಾದರೂ ಈ ಮನುಷ್ಯ ತಪ್ಪಾಯಿತು ಎಂದನೇ?

“ನೀನು ಫೈಲನ್ನ ಎಲ್ಲೆಲ್ಲೋ ಇಟ್ರೆ ಹೀಗೇ ಆಗೋದು ಅಕ್ಕಾ. ಇರು, ಏನೋ ಒಂದು ಸಾಫ್ಟ್‌ವೇರ್ ಇದೆ, ಹಾಕಿ ನೋಡ್ತೀನಿ.”

ಅಕ್ಕ ಪರದೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಗೋಡೆಯ ಸ್ವಿಚ್ ಆರಿಸಿ, ವೈರು ಕಿತ್ತಳು.

“ಎತ್ಕೋ ಇದನ್ನ. ಗೊತ್ತಿರೋರ ಹತ್ರ ಹೋಗೋಣ.”

ಬೀದಿಯ ತುದಿಯ ರಿಪೇರಿ ಅಂಗಡಿ ಒಬ್ಬ ಹೆಂಗಸಿನದು. ಸ್ಕ್ರೂ ತಿರುಗಿಸೋಳು ಎಂದು ಡಾಕ್ಟರರು ಹತ್ತು ವರ್ಷದಿಂದ ಆಡಿಕೊಂಡು ಬಂದಿದ್ದರು. ಈಗ ಅವಳ ಮೇಜಿನ ಮೇಲೆ, ಬೆವರುತ್ತಾ, ಯಂತ್ರವನ್ನು ಇಳಿಸಿದರು. ಅವಳು ಡಿಸ್ಕ್ ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿ ನೋಡಿದಳು.

“ಇದನ್ನ ಅಳಿಸಿದ್ದು ಯಾರು?”

“ಯಾರೋ ಒಬ್ಬ ಮೆಕ್ಯಾನಿಕ್ ಬಂದಿದ್ದ,” ಎಂದರು ಡಾಕ್ಟರರು. “ಏನೂ ಗೊತ್ತಿಲ್ಲದೋನು.”

“ಇವನೇ,” ಎಂದಳು ಅಕ್ಕ. “ನನ್ನ ತಮ್ಮ.”

ಅಂಗಡಿಯವಳು ತಲೆ ಎತ್ತಲೂ ಇಲ್ಲ. “ಮೇಲೆ ಹೊಸ ಸಿಸ್ಟಂ ಬೇರೆ ಹಾಕಿದಾರೆ. ಅರ್ಧ ಸಿಕ್ರೆ ಪುಣ್ಯ. ಮೂರು ದಿನ ಬೇಕು. ಅಲ್ಲೀವರೆಗೆ ಇವರು ಇದನ್ನ ಮುಟ್ಟಬಾರದು.”

“ಮುಟ್ಟಲ್ಲ,” ಎಂದಳು ಅಕ್ಕ. “ಇನ್ಮೇಲೆ ನಮ್ಮನೇಲಿ ಯಾವುದನ್ನೂ ಮುಟ್ಟಲ್ಲ.”