ಲೋಡ್ ಶೆಡ್ಡಿಂಗ್ ಹೊತ್ತಿನ ರಿಪೇರಿ

ವಾಷಿಂಗ್ ಮೆಷಿನ್ನಿನ ಬೆಲ್ಟ್ ತಟ್ಟನೆ ತಿರುಗಿ ನನ್ನ ಹೆಂಡತಿಯ ಬೆರಳನ್ನು ಒಳಗೆಳೆದುಕೊಂಡಿತು. ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಅದು ಲೋಡ್ ಶೆಡ್ಡಿಂಗ್ ಹೊತ್ತು. ಮೆಷಿನ್ನಿನ ಹಿಂಬದಿ ಬಿಚ್ಚಿ, ಜಾರಿದ್ದ ಬೆಲ್ಟನ್ನು ನಾನು ಕೂರಿಸುತ್ತಿದ್ದೆ; ಅವಳು ಅದನ್ನು ಹಿಡಿದುಕೊಂಡಿದ್ದಳು.

“ಪ್ಲಗ್ ತೆಗೆದು ಮಾಡಿ ಮಾರಾಯ್ರೆ,” ಎಂದು ಅವಳು ಮೊದಲೇ ಹೇಳಿದ್ದಳು.

“ಕರೆಂಟೇ ಇಲ್ಲ, ನಿನಗೆಂತ ಹೆದರಿಕೆ?” ಎಂದು ನಾನು ನಕ್ಕಿದ್ದೆ.

ಆ ಕರೆಂಟೇ ಬಂದುಬಿಟ್ಟಿತ್ತು. ನಾನು ಓಡಿ ಪ್ಲಗ್ ಕೀಳುವಷ್ಟರಲ್ಲಿ ಅವಳ ಬೆರಳಿನ ತುದಿ ಜಜ್ಜಿಹೋಗಿತ್ತು. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಮೆಷಿನ್ ಓಡುತ್ತಿರುವಾಗ ಇವಳೇ ಕೈ ಹಾಕಿದಳು ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು.

ಗಾಯ ವಾಸಿಯಾಗಿ ವರ್ಷಗಳಾದವು. ಸೊಟ್ಟಗೆ ಬೆಳೆದ ಉಗುರನ್ನು ಕಂಡು ಯಾರಾದರೂ ವಿಚಾರಿಸಿದರೆ, ತಾನೇ ಕೈ ಹಾಕಿದ್ದೆಂದು ಅವಳು ಇಂದಿಗೂ ಹೇಳುತ್ತಾಳೆ. ಆ ಸುಳ್ಳು ಅವಳದ್ದಲ್ಲ, ನನ್ನದು.