ಬಸಪ್ಪ ಕಾಕಾನ ಮಗಳು ಭಾಷಣ ಕಲಿತದ್ದು

ಕಳೆದ ವಾರ ಹಳಿಯಾಳದ ಬಸ್ ನಿಲ್ದಾಣದಲ್ಲಿ ದಾಂಡೇಲಿ ಬಸ್ಸಿಗಾಗಿ ಕಾಯುತ್ತಿದ್ದೆ. ಗಂಟಲು ಒಂದೇ ಸಮ ಕೆರೆಯುತ್ತಿತ್ತು. ಎದುರಿನ ಅಂಗಡಿಯಲ್ಲಿ ಒಂದು ತುಂಡು ಜ್ಯೇಷ್ಠಮಧು ಕೊಂಡು ದವಡೆಗಿಟ್ಟುಕೊಂಡೆ. ಅದರ ಸಿಹಿ ಗಂಟಲಿಗೆ ಇಳಿದದ್ದೇ ತಡ, ನಾನು ನಿಲ್ದಾಣದಲ್ಲಿರಲಿಲ್ಲ. ತಣ್ಣನೆಯ ಕಲ್ಲುನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟುಕೊಂಡು, ಅದು ಏರಿಳಿಯುವುದನ್ನು ನೋಡುತ್ತ, ದನಿ ಕಟ್ಟಕಡೆಯ ಸಾಲಿಗೂ ಮುಟ್ಟಲೆಂದು 'ಆ' ಎನ್ನುತ್ತಿದ್ದೆ. ಗಾಬರಿಯಾಗಬೇಡಿ, ಇದೇನೂ ರೋಗವಲ್ಲ. ಹೀಗೆ ಮಲಗಿದ್ದಕ್ಕೇ ವಿಶ್ವವಿದ್ಯಾಲಯ ನನಗೊಂದು ಪದವಿ ಕೊಟ್ಟಿದೆ.

ನಾನು ಓದಿದ್ದು ಭಾಷಣ ಮತ್ತು ನಾಟಕ ವಿಭಾಗದಲ್ಲಿ. ಹೋದ ತಿಂಗಳು ಅಲ್ಲಿಂದ ತರುಣ ಅಧ್ಯಾಪಕನೊಬ್ಬ ಫೋನ್ ಮಾಡಿ, "ಸರ್, ವಿಭಾಗದ ಇತಿಹಾಸ ಬರೆದುಕೊಡಬೇಕು, ನಿಮ್ಮಂಥ ಹಿರಿಯರು" ಎಂದ. ಹಿರಿಯರು ಎಂದದ್ದು ಚುಚ್ಚಿತು. ಆದರೂ ಕೇಳಿದವರಿಗೆ ಇಲ್ಲವೆನ್ನುವ ಧೈರ್ಯ ನನಗೆ ಯಾವತ್ತೂ ಇದ್ದದ್ದಲ್ಲ. ಒಪ್ಪಿಕೊಂಡು ಕುಳಿತೆ. 'ಸದರಿ ವಿಭಾಗವು' ಎಂದು ಶುರುಮಾಡಿದ್ದು ಅಲ್ಲಿಗೇ ನಿಂತುಬಿಟ್ಟಿತು. ಆ ಎರಡು ಪದಗಳಲ್ಲಿ ನಾವು ಯಾರೂ ಇರಲಿಲ್ಲ.

ಹೆಸರಿನಲ್ಲಿ ಭಾಷಣ ಮೊದಲು ಬಂದದ್ದಕ್ಕೂ ಒಂದು ಕಥೆಯಿದೆ. ವಿಭಾಗ ಕಟ್ಟಿದವರು ನಮ್ಮ ಸುಮಿತ್ರಾ ಮೇಡಂ. ಅವರಿಗೆ ಬೇಕಾಗಿದ್ದದ್ದು ನಾಟಕ ಮಾತ್ರ. "ನಾಟಕದ ಶಾಲೆಗೆ ಯಾವ ಮನೆಯವರು ಹೆಣ್ಣುಮಕ್ಕಳನ್ನು ಕಳಿಸುತ್ತಾರೆ?" ಎಂದು ವಿಶ್ವವಿದ್ಯಾಲಯದ ದೊಡ್ಡವರು ಮೂಗು ಮುರಿದರಂತೆ. ಮೇಡಂ ಜಗಳವಾಡಲಿಲ್ಲ. ನಾಟಕದ ಮುಂದೆ ಭಾಷಣ ಕೂರಿಸಿ ಅರ್ಜಿ ಕೊಟ್ಟರು. ಭಾಷಣವೆಂದರೆ ಯಾರಿಗೆ ಬೇಡ? ಗ್ರಂಥಾಲಯದ ಹಿಂದಿನ ಹಳೆಯ ಉಗ್ರಾಣವೊಂದು ಸಿಕ್ಕಿತು, ಬಾಗಿಲಿಗೆ ಬೋರ್ಡು ಬಂತು. ಬೋರ್ಡಿನಲ್ಲಿ ಭಾಷಣ ದೊಡ್ಡಕ್ಷರ, ನಾಟಕ ಸಣ್ಣಕ್ಷರ. ಒಳಗೆ ನಡೆಯುತ್ತಿದ್ದದ್ದು ಪೂರ್ತಿ ಉಲ್ಟಾ.

ನಮ್ಮ ತಂಡದಲ್ಲಿ ಬೆರಳೆಣಿಕೆಯ ಮಂದಿ. ನಾನು ಅಂಬಿಕಾನಗರದ ಕಾಲನಿಯಲ್ಲಿ ಬೆಳೆದವನು, ಮುಂದೆ ಶಾಲಾ ಮಾಸ್ತರನಾದವನು. ನನ್ನ ಅಭಿನಯದ ಬಗ್ಗೆ ಹೆಚ್ಚು ಕೇಳಬೇಡಿ. ಬಂದ ನಾಟಕಗಳಲ್ಲೆಲ್ಲ ಈಟಿ ಹಿಡಿದು ಅರಮನೆಯ ಬಾಗಿಲು ಕಾದೆ. "ಈಟಿ ಛಲೋ ಮಾಡ್ತು" ಎಂದು ಮೇಡಂ ಒಮ್ಮೆ ಮೆಚ್ಚಿದ್ದರು. ನಿಜವಾದ ನಟಿ ಎಂದರೆ ಶಿವಲೀಲಾ. ಅವಳು ರಂಗಕ್ಕೆ ಬಂದರೆ ನನ್ನ ಈಟಿಯೂ ಅವಳತ್ತ ವಾಲುತ್ತಿತ್ತು.

ಶಿವಲೀಲಾ ಹಳಿಯಾಳದ ಅರಿವೆ-ಬಟ್ಟೆಯ ವ್ಯಾಪಾರಿ ಬಸಪ್ಪ ಕಾಕಾನ ಮಗಳು. ಮನೆಯಲ್ಲಿ ಕಾಕಾನ ಅಣ್ಣನದೇ ಕಾರುಬಾರು. ಮುಖಕ್ಕೆ ಬಣ್ಣ ಹಚ್ಚುವ ಹೆಣ್ಣು ನಮ್ಮ ಮನೆಯದಲ್ಲ ಎನ್ನುವ ಹಿರಿಯ. ಗೊತ್ತಾದರೆ ಓದು ಬಿಡಿಸಿ ಮದುವೆ ಮಾಡಿ ಕಳಿಸುವುದು ಖಚಿತ. ಹಾಗಾಗಿ ಅವಳು ಅಪ್ಪನಿಗೂ ವಿಭಾಗದ ಅರ್ಧ ಹೆಸರನ್ನಷ್ಟೇ ಹೇಳಿದ್ದಳು. ಕಾಕಾ ಪೇಟೆಯಲ್ಲೆಲ್ಲ ಅದನ್ನೇ ಸಾರಿದ: "ನಮ್ಮ ಹುಡುಗಿ ಭಾಷಣಾ ಕಲೀಲಿಕ್ಕೆ ಹೋಗ್ಯಾಳ್ರಿ. ನಾಳೆ ವಕೀಲಿ ಮಾಡ್ತಾಳೋ, ಇಲೆಕ್ಷನ್ನಿಗೆ ನಿಂದರ್ತಾಳೋ, ಯಾರಿಗೊತ್ತು!" ಅವಳು ರಜೆಗೆ ಹೋದಾಗೆಲ್ಲ ಗುಟ್ಟೊಡೆದೀತೆಂದು ನಮಗೆ ಜೀವ ಹಿಡಿಯಷ್ಟಾಗುತ್ತಿತ್ತು.

ಎರಡನೆಯ ವರ್ಷ ಆಗಬಾರದ್ದು ಆಯಿತು. ಕಾಕಾ ಹೊಸ ಅಂಗಡಿ ಕಟ್ಟಿಸಿದ್ದ. "ಆರಂಭಕ್ಕ ಮಠದ ಅಜ್ಜಾರು ಬರ್ತಾರ. ನೀ ಭಾಷಣಾ ಮಾಡಬೇಕವಾ" ಎಂದು ಮಗಳಿಗೆ ಹೇಳಿಕಳಿಸಿದ. ಶಿವಲೀಲಾ ಗೊಳೋ ಎಂದು ಅತ್ತಳು. ಅಳುವುದು, ನಗುವುದು, ಮೂರ್ಛೆ ಬೀಳುವುದು ಎಲ್ಲ ನಮಗೆ ಬರುತ್ತಿತ್ತು. ಭಾಷಣವೊಂದನ್ನು ಬಿಟ್ಟು. ಮೇಡಂ ಎಂದಿನಂತೆ ಅವಳ ಬಾಯಿಗೊಂದು ತುಂಡು ಜ್ಯೇಷ್ಠಮಧು ತುರುಕಿ, "ಭಾಷಣಾ ಬರದಿದ್ರ ಪಾತ್ರ ಮಾಡು. ಮಾತಾಡಾಂವ ಯಾರು ಅಂತ ಗೊತ್ತಾತಂದ್ರ ಮಾತು ತಾನಽ ಬರ್ತದ" ಎಂದರು. ಧೈರ್ಯ ತುಂಬಲು ನಾವೆಲ್ಲ ಬಸ್ಸು ಹತ್ತಿ ಅವಳ ಜೊತೆ ಹೊರಟೆವು.

ಅಂಗಡಿಯ ಮುಂದೆ ಚಪ್ಪರ. ನಡುವೆ ಕಾವಿಯುಟ್ಟ ಅಜ್ಜಾರು, ಪಕ್ಕದಲ್ಲಿ ರುಮಾಲು ಸುತ್ತಿದ ಅವಳ ದೊಡ್ಡಪ್ಪ. ಶಿವಲೀಲಾ ಎದ್ದು ನಿಂತು "ಪೂಜ್ಯ ಅಜ್ಜಾರ ಪಾದಕ್ಕ" ಎಂದಳು. ಮುಂದೆ ಸ್ವರವೇ ಇಲ್ಲ. ಅಷ್ಟರಲ್ಲಿ ಚಪ್ಪರದ ಅಂಚಿಗೆ ಯಾರೋ ಹೆಂಗಸರು ಬಂದರು. ಮಗಳ ಭಾಷಣ ನಡೆದಿದ್ದರೂ ಬಸಪ್ಪ ಕಾಕಾ ಗಿರಾಕಿ ಕರೆಯುವ ಚಟ ತಡೆಯಲಾರದೆ ಅರ್ಧ ಎದ್ದು, ಕೈಮಾಡಿ ಅವರನ್ನು ಕರೆದು ಕೂರಿಸುತ್ತಿದ್ದ. ಶಿವಲೀಲಾ ಅದನ್ನು ನೋಡಿದಳು. ನೋಡನೋಡುತ್ತಿದ್ದಂತೆ ಅವಳ ಬೆನ್ನು ಸ್ವಲ್ಪ ಬಾಗಿತು, ಉಟ್ಟಿರದ ಧೋತರದ ಚುಂಗನ್ನು ಕೈ ಎತ್ತಿಕೊಂಡಿತು.

"ಬರ್ರಿ ಬರ್ರಿ ಅಕ್ಕಾರ, ಕುಂದರ್ರಿ. ತಗೊಳ್ಳೂದು ಆಮ್ಯಾಲ, ಮದ್ಲ ನೋಡ್ರಿ. ಈ ಬಣ್ಣಾ ಹೋಗೂ ಮಾತಽ ಇಲ್ಲ. ಹೋತಂದ್ರ ಬಂದು ಕೇಳ್ರಿ, ನಾ ಇಲ್ಲೇ ಇರ್ತೇನಿ. ಎಲ್ಲಿ ಹೋತು ಅನ್ನೂದು ಮಾತ್ರ ನನಗೂ ಗೊತ್ತಿರೂದಿಲ್ಲ!"

ಸಾಕ್ಷಾತ್ ಕಾಕಾ! ಚಪ್ಪರವೇ ಬಿದ್ದುಹೋಗುವಂತೆ ಜನ ನಕ್ಕರು. ಅಜ್ಜಾರ ಹೆಗಲು ಕುಲುಕುತ್ತಿತ್ತು. ದೊಡ್ಡಪ್ಪ ಮೊದಲು ಅಜ್ಜಾರ ಮುಖ ನೋಡಿ, ಆಮೇಲೆ ತಾನೂ ನಕ್ಕ. ಬಸಪ್ಪ ಕಾಕಾನ ಮುಖ ಮಾತ್ರ ಕೆಂಪಾಗಿತ್ತು. ಮುಗಿಯಿತು, ಇವಳ ಟ್ರಂಕು ನಾಳೆಯೇ ಊರಿಗೆ ಎಂದುಕೊಂಡೆ. ಆದರೆ ಅಜ್ಜಾರು ಏಳುವಾಗ, "ಬಸಪ್ಪಾ, ಹುಡುಗಿಗೆ ಛಲೋ ಕಲಿಸ್ಯಾರಪಾ. ನಡುವ ಬಿಡಿಸಬ್ಯಾಡ" ಎಂದುಬಿಟ್ಟರು. ಅಜ್ಜಾರ ಮಾತಿನ ಮೇಲೆ ದೊಡ್ಡಪ್ಪ ಏನು ಮಾತಾಡಿಯಾನು? ಶಿವಲೀಲಾ ಓದು ಮುಗಿಸಿದಳು. ಕಡೆಗೊಮ್ಮೆ ಅಪ್ಪನಿಗೆ ಪೂರ್ತಿ ಹೆಸರು ಹೇಳಿದಾಗ, ಕಾಕಾ "ಹೌದೇನು?" ಎಂದು ಅರಿವೆ ಅಳೆಯುತ್ತಲೇ ಇದ್ದನಂತೆ. ಪಾಪದ ಕಾಕಾನಿಗೆ ಟೋಪಿ ಹಾಕಿದ ಕಥೆಯನ್ನು ನಾವು ಎಷ್ಟು ಮದುವೆಮನೆಗಳಲ್ಲಿ ಹೇಳಿಕೊಂಡು ನಕ್ಕಿದ್ದೇವೋ, ಲೆಕ್ಕವಿಲ್ಲ.

ನಿಲ್ದಾಣಕ್ಕೆ ದಾಂಡೇಲಿ ಬಸ್ಸು ಬಂತು. ನಾನು ಹತ್ತಲಿಲ್ಲ. ಇತಿಹಾಸ ಅಲ್ಲೇ ಎರಡು ಓಣಿ ಆಚೆ ಕುಳಿತಿರುವಾಗ ದಾಂಡೇಲಿಗೆ ಹೋಗಿ ಏನು ಬರೆಯುವುದು ಎಂದು ಅಂಗಡಿಗೆ ನಡೆದೆ. ಕಾಕಾ ಈಗ ಹಣ್ಣುಹಣ್ಣು ಮುದುಕ. ಆದರೂ ಗಾದಿ ಬಿಟ್ಟಿಲ್ಲ. ವ್ಯಾಪಾರವೆಲ್ಲ ಶಿವಲೀಲಾಳದು. ಬೇಸಿಗೆಯಲ್ಲಿ ಓಣಿಯ ಮಕ್ಕಳಿಂದ ನಾಟಕವನ್ನೂ ಆಡಿಸುತ್ತಾಳೆ. ಆಗ ಅವಳು ಹಿಂದೆ ಕಪಾಟಿನ ಹತ್ತಿರ ಸೀರೆ ಮಡಚುತ್ತಿದ್ದಳು.

"ಕಾಕಾ, ನಮ್ಮ ವಿಭಾಗದ ಇತಿಹಾಸ ಬರಿಯಾಕತ್ತೇನಿ. ಅದರಾಗ ನೀವೂ ಬರ್ತೀರಿ. ಅರ್ಧಾ ಹೆಸರು ಹೇಳಿ ನಿಮಗ ಹೆಂಗ ಟೋಪಿ ಹಾಕಿದ್ವಿ ಅಂತ" ಎಂದೆ.

ಕಾಕಾ ಕೆಮ್ಮು ಬರುವಷ್ಟು ನಕ್ಕ.

"ಮಾಸ್ತರ, ನೀವು ನನಗ ಅರ್ಧಾ ಹೇಳಿದ್ರಿ, ನಾ ಊರಿಗೆ ಅರ್ಧಾ ಹೇಳಿದೆ. ಪೂರಾ ನನಗ ಗೊತ್ತಿತ್ತಲ್ಲ!"

ಮೊದಲ ವರ್ಷವೇ, ಹುಬ್ಬಳ್ಳಿಗೆ ಮಾಲು ತರಲು ಹೋದವನು, ಹೇಗೂ ಹತ್ತಿರ ಬಂದಿದ್ದೇನೆ, ಮಗಳನ್ನು ನೋಡೋಣವೆಂದು ಶೇಂಗಾ ಉಂಡಿ ಕಟ್ಟಿಸಿಕೊಂಡು ವಿಭಾಗಕ್ಕೆ ಬಂದಿದ್ದನಂತೆ. ಎಲ್ಲರೂ ಸಭಾಂಗಣದಲ್ಲಿದ್ದಾರೆಂದು ಯಾರೋ ಹೇಳಿದರು. ಹೋಗಿ ಹಿಂದೆ ಕುಳಿತ. ನಾಟಕ ನಡೆದಿತ್ತು.

"ಇಕಿ ಮುದುಕಿ ಆಗಿದ್ಲು. ಥೇಟ್ ನಮ್ಮವ್ವನ ನಡಿಗಿ. ನೀವೂ ಇದ್ರಿ, ಎಂಥಾದೋ ಕೋಲು ಹಿಡಕೊಂಡು."

"ಮತ್ತ ಭೇಟಿ ಆಗದಽ ಯಾಕ ಹೋದ್ರಿ ಕಾಕಾ?"

"ಭೇಟಿ ಆಗಿದ್ರ ಹೂಂ ಅನ್ನಬೇಕಿತ್ತು, ಇಲ್ಲಾ ಬ್ಯಾಡ ಅನ್ನಬೇಕಿತ್ತು. ಹೂಂ ಅಂದ್ರ ಅಣ್ಣ ಬಿಡ್ತಿದ್ದಿಲ್ಲ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಉಂಡಿ ಬಸ್ಸಿನ್ಯಾಗ ನಾನಽ ತಿಂದೆ. ಆಮ್ಯಾಲ ವಿಚಾರ ಮಾಡಿದೆ, ಅಜ್ಜಾರ ಮುಂದ ಒಮ್ಮೆ ನಿಂದರಿಸಿದ್ರ ಅಣ್ಣನ ಬಾಯಿ ಮುಚ್ಚತೈತಿ ಅಂತ. ಅದಕ್ಕಽ ಭಾಷಣಾ ಇಟ್ಟೆ. ಆದ್ರ ಇಕಿ ನನ್ನ ನಕಲಿ ಮಾಡ್ತಾಳಂತ ನನಗೇನು ಗೊತ್ರಿ!"

ಮದುವೆಮನೆಗಳಲ್ಲಿ ನಾನು ನಕ್ಕ ನಗುವೆಲ್ಲ ನೆನಪಾಗಿ ಕಿವಿ ಬೆಚ್ಚಗಾಯಿತು. ಈ ಮುದುಕನ ಮೇಲೆ ಇಷ್ಟು ಪ್ರೀತಿ ನನ್ನಲ್ಲಿತ್ತೆಂದು ನನಗೇ ತಿಳಿದಿರಲಿಲ್ಲ.

ಹಿಂದೆ ಸೀರೆ ಮಡಚುವ ಸದ್ದು ನಿಂತಿತ್ತು. ಶಿವಲೀಲಾ ಅರ್ಧ ಮಡಚಿದ ಸೀರೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ತಲೆ ಅರ್ಧ ನೆರೆತ ಹೆಂಗಸು, ನಾಟಕ ಮುಗಿದ ಕೂಡಲೇ ಪರದೆಯ ಹಿಂದೆ ನಾವು ಮೇಡಂರನ್ನು ಕೇಳುತ್ತಿದ್ದ ದನಿಯಲ್ಲಿ ಕೇಳಿದಳು:

"ಅಪ್ಪಾ, ಹೆಂಗ ಮಾಡಿದ್ದೆ?"

ಕಾಕಾ ಅವಳ ಕಡೆ ತಿರುಗಲಿಲ್ಲ. ಮುಂದಿದ್ದ ಅಳತೆಗೋಲನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿ ಇಟ್ಟ.

"ಕಟ್ಟಕಡೀ ಸಾಲಿನ್ಯಾಗ ಕುಂತಿದ್ದೆ ಯವ್ವಾ" ಎಂದ. "ಒಂದೊಂದು ಮಾತೂ ಕೇಳಿಸ್ತು."