ಅರ್ಧ ಕಾರಿನ ಟಕ್ ಟಕ್

ಎಲ್ಲಿಂದಲೋ ಒಂದು ಸದ್ದು ಬರುತ್ತಿದೆ ಅನ್ನಿಸಿದರೆ ಸಾಕು, ನಮ್ಮತ್ತೆ ಕೈಯಲ್ಲಿದ್ದ ಎರಡೆರಡು ಚಿನ್ನದ ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಏರಿಸಿಬಿಡುತ್ತಿದ್ದರು. ಬಳೆ ಕಿಣಿಗುಟ್ಟಿದರೆ ಕಿವಿಗೆ ಅಡ್ಡ ಬರುತ್ತದಲ್ಲ, ಅದಕ್ಕೆ. ದುಡಿದು ದಪ್ಪಗಾದ ತೋಳು. ಬಳೆ ಅಲ್ಲೇ ಕಚ್ಚಿಕೊಂಡು ಸುತ್ತಲಿನ ಚರ್ಮ ಉಬ್ಬಿ ನಿಲ್ಲುತ್ತಿತ್ತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ಎಲ್ಲಾ ಸ್ವಲ್ಪ ಬಾಯ್ಮುಚ್ಕೊಳ್ರಿ" ಅನ್ನುತ್ತಿದ್ದರು. ಟಿವಿ, ಮಿಕ್ಸಿ, ನಾನು, ನನ್ನ ಗಂಡ, ಎಲ್ಲರೂ ಬಾಯಿ ಮುಚ್ಚಬೇಕಾಗಿತ್ತು.

ಫ್ಯಾನು ಟಿಕ್ ಅಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಪಕ್ಕದ ಮನೆಯ ನೀರಿನ ಮೋಟಾರು ಮುಲುಗಿದರೆ ಹೋಗಿ ಬಾಗಿಲು ತಟ್ಟಿ ಹೇಳಿಬರುತ್ತಿದ್ದರು. "ಸದ್ದು ಸುಮ್ಸುಮ್ನೆ ಬರಲ್ಲ ಕಣೆ. ಎರಡು ಸಾಮಾನು ಒಂದಕ್ಕೊಂದು ತಾಕ್ಬೇಕು" ಎಂಬುದು ಅವರ ವೇದವಾಕ್ಯ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅಂಗಳ ದಾಟುತ್ತಿದ್ದವಳನ್ನು ನಿಲ್ಲಿಸಿ, "ಎಡಗಾಲಿನ ಚಪ್ಪಲಿ ಉಂಗುಷ್ಟ ಕಿತ್ತಿದೆ ನೋಡು" ಅಂದರು. ನಡೆಯುವುದನ್ನೂ ಕೇಳಿಸಿಕೊಳ್ಳುತ್ತಾರಲ್ಲಪ್ಪ ಎಂದು ಮೈಯೆಲ್ಲ ಉರಿಯಿತು. ಬಗ್ಗಿ ನೋಡಿದರೆ ನಿಜವಾಗಿಯೂ ಕಿತ್ತಿತ್ತು. ಅದಕ್ಕೆ ಇನ್ನೂ ಉರಿಯಿತು.

ನಮ್ಮದು ದೂಪನಹಳ್ಳಿ. ಇಂದಿರಾನಗರ ಎಂಬ ಹೆಸರು ಹುಟ್ಟುವ ಮೊದಲೇ ಇದ್ದ ಊರು. ಇವತ್ತು ನೂರಡಿ ರಸ್ತೆಯಲ್ಲಿ ಶೋರೂಮು ಇರುವ ಕಡೆ ನಮ್ಮತ್ತೆ ದಂಟಿನಸೊಪ್ಪು ಕಿತ್ತಿದ್ದಾರೆ. ಹೊಲ ಲೇಔಟಾಯಿತು, ಮಾವನವರು ತೀರಿಕೊಂಡರು, ಎಮ್ಮೆಗಳೂ ಹೋದವು; ಕೊಟ್ಟಿಗೆ ಮಾತ್ರ ಉಳಿದಿತ್ತು. ಆ ಕೊಟ್ಟಿಗೆಗೆ ಒಂದು ದಿನ ನನ್ನ ಗಂಡ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಫ್ರೇಜರ್ ಟೌನಿನಲ್ಲಿ ಯಾರೋ ಊರು ಬಿಟ್ಟು ಹೋಗುತ್ತಿದ್ದರಂತೆ, ಅವರಿಂದ ಕೊಂಡದ್ದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಫೈಬರಿನ ಮೈ. ನಾಲ್ಕು ಜನ ಕೈಹಾಕಿದರೆ ಹಿಂಭಾಗವನ್ನು ನೆಲದಿಂದ ಎತ್ತಬಹುದು, ಅಷ್ಟು ಹಗುರ. ಅತ್ತೆ ಒಂದು ಸುತ್ತು ಬಂದು ನೋಡಿ, "ಇದು ಅರ್ಧ ಕಾರು ಅಲ್ವೇನೋ. ಇನ್ನರ್ಧ ಯಾವಾಗ ತರ್ತೀಯ?" ಅಂದರು. ಅವತ್ತಿನಿಂದ ಅದಕ್ಕೆ ಅರ್ಧ ಕಾರು ಎಂದೇ ಹೆಸರು.

ನನ್ನ ಗಂಡ ತೆಂಗಿನಮರದಷ್ಟು ಉದ್ದ. ಆಸೆಪಟ್ಟು ಕೊಂಡ ಕಾರಿನಲ್ಲಿ ಮೊಣಕಾಲು ಸ್ಟಿಯರಿಂಗಿಗೆ ತಾಗಿ, ತಲೆ ಟಾಪಿಗೆ ತಾಗಿ, ತಿಂಗಳೊಳಗೆ ಬೈಕಿಗೇ ವಾಪಸಾದರು. ಕಾರು ನನ್ನದಾಯಿತು. ಆಗ ನಾನು ಕೆ.ಆರ್. ಪುರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿಯವರೆಗೆ ಎರಡು ಬಸ್ಸು ಬದಲಾಯಿಸಿ, ಫುಟ್‌ಬೋರ್ಡಿನಲ್ಲಿ ನೇತಾಡಿ ಹೋಗಿ, ಪ್ರಾರ್ಥನೆ ಮುಗಿದ ಮೇಲೆ ಕಳ್ಳಿಯ ಹಾಗೆ ಒಳಗೆ ನುಸುಳುತ್ತಿದ್ದೆ. ಇನ್ನು ಲೇಟಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೆಡ್‌ಮಿಸ್ಸು ಹೇಳಿಯೂ ಆಗಿತ್ತು. ಅರ್ಧ ಕಾರು ಬಂದ ಮೇಲೆ ನಾನೇ ಗೇಟು ತೆಗೆಸುವವಳಾದೆ. ಕೂದಲು ಹಾರಿಸಿಕೊಂಡು ಹಳೇ ಮದ್ರಾಸ್ ರಸ್ತೆಯಲ್ಲಿ ಹೋಗುವಾಗ, ಸುಳ್ಳೇಕೆ ಹೇಳಲಿ, ರಾಣಿ ಅನ್ನಿಸುತ್ತಿತ್ತು.

ಹಾಗಿರುವಾಗ ನಮ್ಮ ಭಾವ, ಅಂದರೆ ಅತ್ತೆಯ ಹಿರಿಮಗ, ತಮ್ಮ ಭಾವಮೈದುನನ ಮದುವೆಗೆ ಕಾರು ಬೇಕೆಂದರು. ಟಾಪು ಮಡಚಿ, ಹೂವಿನಿಂದ ಅಲಂಕರಿಸಿ, ಗಂಡುಹೆಣ್ಣನ್ನು ಹಿಂಭಾಗದ ಮೇಲೆ ಎತ್ತರಕ್ಕೆ ಕೂರಿಸಿ ಹಲಸೂರಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಚೆನ್ನಾಗಿಯೇ ಇತ್ತು. ಅದಾದ ಸ್ವಲ್ಪ ದಿನಕ್ಕೆ ಕಾರಿನ ಹಿಂದಿನಿಂದ ಟಕ್, ಟಕ್ ಎಂದು ಸದ್ದು ಶುರುವಾಯಿತು. ಯಾರೋ ಹೊರಗೆ ನಿಂತು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ದೊಡ್ಡ ಹಂಪು ಹತ್ತಿ ಇಳಿದರೆ ಏನಿಲ್ಲ, ನಿಧಾನವಾಗಿ ಹೋಗುವಾಗ ಸಣ್ಣ ಕಲ್ಲು ಸಿಕ್ಕಿದರೆ ಟಕ್.

ಮರ್ಫಿ ಟೌನಿನಲ್ಲಿ ನಾವು ಮಾಮೂಲಾಗಿ ಹೋಗುತ್ತಿದ್ದ ಮೆಕ್ಯಾನಿಕ್, "ಫೈಬರ್ ಬಾಡಿ ಅಲ್ವಾ ಮೇಡಂ, ಲೈಟ್ ಗಾಡಿ, ಹಂಗೇ ಸೌಂಡ್ ಬರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ. ಶಿವಾಜಿನಗರದ ಇನ್ನೊಬ್ಬ ಕೆಳಗೆ ಮಲಗಿ ಚಕ್ರದ ಹತ್ತಿರದ ರಬ್ಬರುಗಳನ್ನೆಲ್ಲ ಬದಲಾಯಿಸಿದ. ಮನೆಗೆ ಬರುವ ದಾರಿಯಲ್ಲೇ ಟಕ್. ವಾಪಸ್ ಹೋದರೆ ಅವನು ತಲೆ ಕೆರೆದುಕೊಂಡು, "ಅಡಿಯ ಚಾಸಿನೇ ಕ್ರ್ಯಾಕ್ ಇರ್ಬೇಕು, ಮಾರ್ಬಿಡಿ ಮೇಡಂ" ಅಂದ. ಆ ಮಾತು ಭಾವನ ಕಿವಿಗೆ ಬಿತ್ತು.

ಭಾವ ಕೆಟ್ಟವರಲ್ಲ, ಆದರೆ ತೀರ್ಮಾನ ಮಾಡುವುದೆಂದರೆ ಅವರಿಗೆ ಪಾಯಸ. ಶುಕ್ರವಾರ ಸಂಜೆ ನಡುಮನೆಯಲ್ಲಿ ಕೂತು, "ಭಾನುವಾರ ಒಬ್ರು ಕಾರು ನೋಡೋಕೆ ಬರ್ತಾರೆ, ಕೊಟ್ಬಿಡೋಣ. ಅರ್ಧ ದಾರೀಲಿ ಚಕ್ರ ಕಳಚ್ಕೊಂಡ್ರೆ ಯಾರು ಜವಾಬ್ದಾರಿ?" ಅಂದರು.

"ಮತ್ತೆ ಸ್ಕೂಲಿಗೆ ಹೆಂಗೆ ಹೋಗ್ಲಿ ಭಾವ?" ಅಂದೆ.

"ಏನು, ಕೆಲ್ಸ ಮಾಡ್ದಿದ್ರೆ ಮನೇಲಿ ಅನ್ನಕ್ಕೆ ತತ್ವಾರ ಆಗಿದ್ಯಾ? ಬಿಟ್ಬಿಡಮ್ಮ, ಆರಾಮಾಗಿರು."

ನನ್ನ ಗಂಡ ಫ್ಯಾನು ನೋಡುತ್ತಾ ಕೂತಿದ್ದರು. ಅಣ್ಣನ ಎದುರು ಅವರು ಯಾವಾಗಲೂ ಫ್ಯಾನೇ ನೋಡುವುದು. ಅತ್ತೆ ಹಿರಿಮಗನ ಕಡೆಯೇ ಎಂದು ನನಗೆ ಖಾತ್ರಿಯಿತ್ತು. ಅವರು ಎಲೆಗೆ ಸುಣ್ಣ ಸವರುತ್ತಾ ತಲೆಯನ್ನೂ ಎತ್ತದೆ ಹೇಳಿದರು: "ಮಾರೋದಾದ್ರೆ ಆಮೇಲೆ ಮಾರ್ಕೊಳ್ಳಿ. ಸದ್ದು ಎಲ್ಲಿಂದ ಅಂತ ಗೊತ್ತಾಗ್ದೆ ಈ ಮನೆಯಿಂದ ಏನೂ ಆಚೆ ಹೋಗಲ್ಲ."

ಶನಿವಾರ ಅರ್ಧ ದಿನದ ಶಾಲೆ. ನಾನು ಬರುವಷ್ಟರಲ್ಲಿ ಅತ್ತೆ ಬಳೆ ಏರಿಸಿಕೊಂಡು ಕೊಟ್ಟಿಗೆಯ ಮುಂದೆ ನಿಂತಿದ್ದರು. ಮೊದಲ ಅನುಮಾನ ಹೆಗ್ಗಣದ ಮೇಲೆ. ಕಾರಿನಡಿ ಬೇವಿನಸೊಪ್ಪಿನ ಹೊಗೆ ಹಾಕಿದರು. ಹೆಗ್ಗಣ ಬರಲಿಲ್ಲ, ನನಗೆ ಕೆಮ್ಮು ಬಂತು. ಎರಡನೆಯ ಅನುಮಾನ ಸೈಲೆನ್ಸರಿನದು. ಅದು ಅಲ್ಲಾಡುತ್ತಿದೆಯೆಂದು ಹಳೇ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿಸಿದರು. ಹಲಸೂರು ಕೆರೆ ಏರಿ ತಲುಪುವಷ್ಟರಲ್ಲಿ ಅಂಚು ಕಾದು ಸುಟ್ಟು ವಾಸನೆ ಎದ್ದು, ಆಟೋದವರೆಲ್ಲ ಮೂಗು ಮುಚ್ಚಿಕೊಂಡು ನಮ್ಮನ್ನೇ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಗೆ ಏನೂ ಅನ್ನಿಸಲಿಲ್ಲ. "ಇದಲ್ಲ ಅಂತಾದ್ರೂ ಗೊತ್ತಾಯ್ತಲ್ಲ, ನಡಿ" ಅಂದರು.

ಆಮೇಲೆ ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಜಗಲಿಯ ಮೇಲೆ ಇಳಿಸಿದೆವು. ಸ್ಟೆಪ್ನಿ ಚಕ್ರ, ಜಾಕು, ಕೊಡೆ, ನನ್ನ ಸೀಮೆಸುಣ್ಣದ ಡಬ್ಬಿ. ಖಾಲಿ ಕಾರನ್ನು ಮರ್ಫಿ ಟೌನಿನ ಚಪ್ಪಡಿ ಕಲ್ಲಿನ ಗಲ್ಲಿಗೆ ತೆಗೆದುಕೊಂಡು ಹೋದೆ. ಅತ್ತೆ ಸೀಟಿನಲ್ಲಿ ಅಡ್ಡ ತಿರುಗಿ ಕೂತು, ಅಂಗೈಯನ್ನು ಹಿಂದಿನ ಹಲಗೆಯ ಮೇಲೆ, ಮಗುವಿನ ಜ್ವರ ನೋಡುವ ಹಾಗೆ ಇಟ್ಟಿದ್ದರು. "ನಿಧಾನ. ಆ ಕಲ್ಲಿನ ಮೇಲೆ ಹತ್ಸು. ಇನ್ನೊಂದ್ಸಲ. ಹಿಂದಕ್ಕೆ ಬಾ." ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ನಾವು ಹಿಂದೆ ಮುಂದೆ ಓಡಾಡುವುದನ್ನು ನೋಡಲಾರದೆ, "ಎನ್ನಮ್ಮಾ, ಏನಾದ್ರೂ ಕಳ್ದೋಯ್ತಾ?" ಅಂದಳು.

"ಕಳ್ದೋಗಿಲ್ಲ ತಾಯಿ, ಸಿಕ್ತಾ ಇಲ್ಲ" ಅಂದರು ಅತ್ತೆ.

ಡಿಕ್ಕಿ ಖಾಲಿಯಿದ್ದಾಗ ಸದ್ದು ಜೋರಾಗಿತ್ತು. ಅದು ಅತ್ತೆಯ ತಲೆಯಲ್ಲಿ ಕೂತಿತು. ಮನೆಗೆ ಬಂದವರೇ ಒಳಗಿನಿಂದ ರಾಗಿ ಮೂಟೆಯೊಂದನ್ನು ಎಳೆಸಿ ತಂದು ಡಿಕ್ಕಿಗೆ ಹಾಕಿಸಿದರು. ಅದೇ ಗಲ್ಲಿ, ಅದೇ ಕಲ್ಲು. ಸದ್ದೇ ಇಲ್ಲ! ನನಗೆ ಹೋದ ಜೀವ ಬಂದ ಹಾಗಾಯಿತು. "ಅತ್ತೆ, ಸಾಕು ಬಿಡಿ, ದಿನಾ ಮೂಟೆ ಇಟ್ಕೊಂಡೇ ಸ್ಕೂಲಿಗೆ ಹೋಗ್ತೀನಿ" ಅಂದೆ.

"ಜ್ವರದೋರಿಗೆ ಕಂಬಳಿ ಹೊದ್ಸಿದ್ರೆ ಜ್ವರ ಹೋಯ್ತಾ?" ಎಂದು ಗದರಿದರು. "ಹೊಟ್ಟೆ ತುಂಬಿದ್ರೆ ಸುಮ್ನಿರುತ್ತೆ, ಖಾಲಿ ಇದ್ರೆ ಬಡ್ಕೊಳ್ಳುತ್ತೆ. ಅಂದ್ರೆ ಎಲ್ಲೋ ಸಡಿಲ ಇದೆ. ಭಾರ ಬಿದ್ರೆ ಅದು ಅಮ್ಕೊಂಡು ಕೂತ್ಕೊಳ್ಳುತ್ತೆ. ಮೂಟೆ ತೆಗಿ."

ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿ, ಅತ್ತೆ ಡಿಕ್ಕಿಯೊಳಗೆ ಸೊಂಟದವರೆಗೆ ಬಗ್ಗಿದರು. ನಾನು ಹಿಂಭಾಗವನ್ನು ಎರಡೂ ಕೈಯಿಂದ ಅಮುಕಿ ಅಮುಕಿ ಬಿಡಬೇಕು, ಅವರು ಒಳಗೆ ಅಂಗೈ ಇಟ್ಟು ನೋಡಬೇಕು. ಎಡಮೂಲೆಯಲ್ಲಿ ಬಹಳ ಹೊತ್ತು ಇಟ್ಟರು, ಏನಿಲ್ಲ. ನನ್ನ ರಟ್ಟೆ ಬಿದ್ದುಹೋಯಿತು. ಬಲಮೂಲೆಗೆ ಸರಿದರು. ಅಮುಕಿದೆ, ಬಿಟ್ಟೆ.

"ಬಂತು! ಬಂತು ಕಣೆ, ಇಲ್ಲೇ ನನ್ ಕೈಗೆ ಗುದ್ತು!"

"ಎಡಗಡೆ ಅಲ್ವಾ ಅತ್ತೆ ಕೇಳ್ಸ್ತಿದ್ದಿದ್ದು? ಶಿವಾಜಿನಗರದೋನು ಕೂಡ ಎಡಗಡೆ ಅಂದಿದ್ದ."

"ಕಿವಿ ಎಡಗಡೆ ಅನ್ನುತ್ತೆ, ಕೈ ಬಲಗಡೆ ಅಂತಿದೆ. ದುಡಿದಿರೋದು ಕೈ. ಕಿವಿ ಬರೀ ಕೂತ್ಕೊಂಡಿರೋದು." ಹಾಗೆಂದು ನನ್ನ ಕೈ ಹಿಡಿದು ಅಲ್ಲಿಡಿಸಿದರು. ನಿಜ, ಕಾರ್ಪೆಟ್ಟಿನ ಅಡಿಯಿಂದ ಏನೋ ಅಂಗೈಗೆ ತಿವಿಯುತ್ತಿತ್ತು.

ಮರ್ಫಿ ಟೌನಿನ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವನು ಬಂದು ಕಾರ್ಪೆಟ್ಟು ಎತ್ತಿ, ಅಡಿಯಲ್ಲಿದ್ದ ದುಂಡನೆಯ ಮುಚ್ಚಳ ಬಿಚ್ಚಿದ. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕಾರಿನ ಮೈಗೆ ಕೂಡುವ ಜಾಗ ಅದು. ಕಬ್ಬಿಣಕ್ಕೆ ಕಬ್ಬಿಣ ತಾಗದಿರಲೆಂದು ನಡುವೆ ಒಂದು ರಬ್ಬರ್ ಬುಷ್ ಇರುತ್ತದೆ. ಅದು ಹರಿದು ಎರಡು ತುಂಡಾಗಿತ್ತು, ನಟ್ಟು ಸಡಿಲವಾಗಿತ್ತು. ಸುತ್ತ ಒಂದಿಷ್ಟು ಅರಿಶಿನದ ಅಕ್ಕಿ, ಒಣಗಿದ ಗುಲಾಬಿ ಎಸಳು.

"ಕೆಳಗಡೆಯಿಂದ್ಲೇ ನೋಡ್ತಿದ್ವಿ ಮೇಡಂ, ಇಲ್ಲಿ ಯಾರೂ ಬಿಚ್ಚಿರ್ಲಿಲ್ಲ" ಅಂದ ಮೆಕ್ಯಾನಿಕ್. "ಇದರ್ ಮೇಲೆ ಯಾರಾದ್ರೂ ಕೂತಿದ್ರಾ? ಭಾರಕ್ಕೆ ಹರಿದೋಗಿದೆ."

ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ಮೆರವಣಿಗೆಯ ದಿನ ಗಂಡುಹೆಣ್ಣಿನ ಪಕ್ಕದಲ್ಲಿ, ಬಲಗಡೆ, ಛತ್ರಿ ಹಿಡಿದು ಕೂತಿದ್ದವರು ನಮ್ಮ ಭಾವ. ಅವರು ಕೂತರೆ ನಮ್ಮ ನಡುಮನೆಯ ಮಂಚವೇ ಅಯ್ಯೋ ಅನ್ನುತ್ತದೆ. ಅತ್ತೆಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಅವರು ಹಾಗೆ ನಕ್ಕದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ಎರಡೂ ಕಡೆಗೆ ಹೊಸ ಬುಷ್ ಹಾಕಿಸಿ, ಸಂಜೆ ಬೆಳಕಿರುವಾಗಲೇ ಅದೇ ಕಲ್ಲಿನ ಗಲ್ಲಿಗೆ ಹೋದೆವು. ಡಿಕ್ಕಿ ಖಾಲಿ. ಒಂದು ಕಲ್ಲು, ಇನ್ನೊಂದು ಕಲ್ಲು. ಏನಿಲ್ಲ. ಅಬ್ಬಾ, ಎದೆಯ ಮೇಲಿನಿಂದ ಬಂಡೆ ಇಳಿದ ಹಾಗಾಯಿತು. ಗಲ್ಲಿಯ ಕೊನೆಯಲ್ಲಿ ಕಾರು ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಇಟ್ಟು ಸುಮ್ಮನೆ ಅತ್ತುಬಿಟ್ಟೆ. ಅತ್ತೆ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದು, "ಕಾಫಿ ಕುಡಿಬೇಕು, ನಡಿ" ಅಂದರು.

ರಾತ್ರಿ ಊಟಕ್ಕೆ ಕೂತ ಭಾವನ ಮುಂದೆ ಅತ್ತೆ ಅಂಗೈ ಚಾಚಿದರು. ಅಂಗೈಯಲ್ಲಿ ಹರಿದ ರಬ್ಬರು, ನಾಲ್ಕು ಅಕ್ಕಿಕಾಳು. "ಕಾರಿಗೆ ಏನೂ ಆಗಿಲ್ಲ ಕಣೋ. ನಿಂಗೆ ಆ ಮದ್ವೆ ಊಟ ಜಾಸ್ತಿ ಆಗಿತ್ತು, ಅಷ್ಟೆ."

ಭಾವ ರಬ್ಬರನ್ನು ತಿರುಗಿಸಿ ನೋಡಿದರು, ಅಕ್ಕಿಯನ್ನು ನೋಡಿದರು, ಅರ್ಥವಾಗಿ ಕಿವಿ ಕೆಂಪಾಯಿತು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿಂದು ಮುಗಿಸಿದರು. ಕೈತೊಳೆದು ಹೋಗಿ ತಾವೇ ಫೋನು ಎತ್ತಿದರು. "ಸಾರ್, ನಾಳೆ ಬರೋದು ಬೇಡ. ಕಾರು ಕೊಡೋದಿಲ್ಲ. ನಮ್ಮನೆ ಹೆಣ್ಮಗಳು ಕೆಲ್ಸಕ್ಕೆ ತಗೊಂಡ್ಹೋಗ್ತಾಳೆ" ಅಂದರು. ನನ್ನ ಗಂಡ ಅವತ್ತು ಫ್ಯಾನು ಬಿಟ್ಟು ನನ್ನನ್ನು ನೋಡಿದರು.

ಅತ್ತೆ ಈಗಿಲ್ಲ. ಹೋದದ್ದು ಇದಾದ ಕೆಲವು ವರ್ಷಗಳ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ, ಅವರೆಕಾಯಿ ಬಿಡಿಸುತ್ತಾ ಕೂತಲ್ಲೇ. ನಾನು ಆಗ ತರಗತಿಯಲ್ಲಿದ್ದೆ, ಭಾವ ಶಾಲೆಗೇ ಬಂದು ಕರೆದುಕೊಂಡು ಹೋದರು. ಅದೇ ಶಾಲೆಯಲ್ಲಿ ಆಮೇಲೆ ನಾನೇ ಹೆಡ್‌ಮಿಸ್ಸಾದೆ. ಲೇಟಾಗಿ ಬರುವ ಟೀಚರುಗಳನ್ನು ಬೈಯುವ ಮೊದಲು ಯಾಕೆ ಲೇಟಾಯಿತು ಎಂದು ಕೂರಿಸಿ ಕೇಳುತ್ತೇನೆ. ಇದು ಅತ್ತೆಯ ಋಣ, ತೀರಿಸುವಂಥದ್ದಲ್ಲ.

ಸದ್ದು ಸಿಕ್ಕಿದ ಮಾರನೆಯ ವಾರ, ಸೋಮವಾರ, ಅವರು ನನ್ನ ಜೊತೆ ಕೆ.ಆರ್. ಪುರಕ್ಕೆ ಹೊರಟರು. ಪೂರ್ತಿ ದಾರಿ ಕೇಳಿಸಿಕೊಂಡರೇನೇ ನಂಬುವುದಂತೆ. ಹಳೇ ಮದ್ರಾಸ್ ರಸ್ತೆಗೆ ಬಂದ ಮೇಲೆ, ಎದುರಿಗೆ ನೋಡುತ್ತಲೇ, ಕೇಳದಿದ್ದರೂ ಮಾತು ಶುರು ಮಾಡಿದರು.

"ನಂದೂ ಒಂದು ಗಾಡಿ ಇತ್ತು ಕಣೆ. ಎತ್ತಿನ ಗಾಡಿ. ನಿಮ್ಮಾವಂಗೆ ಹುಷಾರಿಲ್ದೆ ಮಲ್ಗಿದ್ದ ವರ್ಷ ನಾನೇ ಹೊಡ್ಕೊಂಡು ಹಲಸೂರಿಗೆ ಸೊಪ್ಪು ತಗೊಂಡ್ಹೋಗ್ತಿದ್ದೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಆಮೇಲೆ ಚಕ್ರ ಬಡ್ಕೊಳ್ಳೋಕೆ ಶುರುವಾಯ್ತು. ಹೆಂಗ್ಸು ಹಗ್ಗ ಹಿಡಿದ್ರೆ ಇನ್ನೇನಾಗುತ್ತೆ ಅಂದ್ರು. ಯಾರೂ ಬಗ್ಗಿ ನೋಡ್ಲಿಲ್ಲ. ಗಾಡೀನೂ ಮಾರಿದ್ರು, ಎತ್ತೂ ಮಾರಿದ್ರು, ನಾನು ಒಲೆ ಮುಂದೆ ಕೂತೆ. ತಗೊಂಡಿದ್ದೋನು ಒಂದಿನ ಸಂತೇಲಿ ಸಿಕ್ಕಿ ಹೇಳ್ದ. ಕಡಾಣಿ ಸವೆದಿತ್ತಂತೆ. ಚಕ್ರ ಕಳಚ್ಬಾರ್ದು ಅಂತ ಅಚ್ಚಿಗೆ ಹಾಕ್ತಾರಲ್ಲ, ಆ ಮೊಳೆ. ಒಂದು ಮೊಳೆ ಕಣೆ."

ತಿರುಗಿ ಅವರ ಮುಖ ನೋಡಿದೆ.

"ನಿಂದು ಉಳೀತಲ್ಲ, ಸಾಕು" ಅಂದರು ಅತ್ತೆ. "ನನ್ ಮುಖ ಏನ್ ನೋಡ್ತೀಯ, ಮುಂದೆ ಬಸ್ಸು ನಿಂತಿದೆ, ಬ್ರೇಕ್ ಹಾಕು."